ಗೆಲಾಕ್ಸಿಗಳ ರೋಹಿತಾನುಮಾನ

ಪ್ರತ್ಯಕ್ಷವು ದೊರೆಯದೆಡೆಯಲ್ಲಿ ಅನುಮಾನವು ಪ್ರಮಾಣವಾಗುವುದೆಂಬುದು ನೈಯಾಯಿಕರ ಸಿದ್ಧಾಂತವು. ಗೆಲಾಕ್ಸಿಗಳ ಬೆಳಕನ್ನು ಕುರಿತ ಶೋಧನೆಯ ಚರಿತ್ರೆಯು ಈ ಎರಡು ಪ್ರಮಾಣಗಳ ತಾರತಮ್ಯದ ಚರಿತ್ರೆಯೇ ಆಗಿದೆ.

ಬೆಳಕನ್ನು ಬಿಡಿಸಿ ಹರಡಿದಾಗ ತೋರುವ ವರ್ಣಪಟ್ಟಿಗೆ ರೋಹಿತವೆಂದು ಹೆಸರು. ಅದರೊಳಗಿನ ರೇಖೆಗಳಿಂದ ಕಾಯದ ದ್ರವ್ಯವೂ ವೇಗವೂ ತಿಳಿಯುತ್ತವೆ. 1912ರಲ್ಲಿ ಅಮೆರಿಕದ ಲೊವೆಲ್ ವೇಧಶಾಲೆಯಲ್ಲಿ ವೆಸ್ಟೊ ಸ್ಲೈಫರನು ಆಂಡ್ರೊಮಿಡಾ ನೀಹಾರಿಕೆಯ ರೋಹಿತವನ್ನು ಹಲವು ಗಂಟೆಗಳ ಕಾಲ ಫಲಕದ ಮೇಲೆ ಹಿಡಿದು, ಅದು ಸೆಕೆಂಡಿಗೆ ಸುಮಾರು 300 ಕಿಲೋಮೀಟರು ವೇಗದಿಂದ ಸಮೀಪಿಸುತ್ತಿರುವುದೆಂದು ನಿರ್ಣಯಿಸಿದನು. ಇದು ಪ್ರತ್ಯಕ್ಷ. ಆದರೆ ಕ್ಷೀಣಕಾಂತಿಯ ಕಾಯಗಳ ಬೆಳಕನ್ನು ಸಾವಿರ ಪಾಲು ಮಾಡಿದರೆ ಒಂದೊಂದು ಪಾಲಿಗೆ ದೊರೆಯುವುದು ಅತ್ಯಲ್ಪ.

ಈ ಕಷ್ಟವನ್ನು ಕಂಡ ವಿಲಿಯಂ ಬಾಮನು 1957 ಮತ್ತು 1962ರ ಲೇಖನಗಳಲ್ಲಿ ಬೇರೊಂದು ಮಾರ್ಗವನ್ನು ತೋರಿದನು. ಒಂಬತ್ತು ವರ್ಣಶೋಧಕಗಳ ಮೂಲಕ ಕಾಂತಿಯನ್ನಳೆದು, ರೋಹಿತದ ಸ್ಥೂಲಾಕಾರದಿಂದಲೇ ರಕ್ತಪಲ್ಲಟವನ್ನು ಊಹಿಸುವುದು ಆತನ ಕ್ರಮ. 2000ದಲ್ಲಿ ಮೊದಲಾದ ಸ್ಲೋನ್ ಆಕಾಶಮೋಜಣಿಯು ಐದು ವರ್ಣಗಳಲ್ಲಿ ಕೋಟಿಗಟ್ಟಲೆ ಕಾಯಗಳ ಚಿತ್ರವನ್ನು ತೆಗೆಯಿತು. ರೋಹಿತ ದೊರೆತವುಗಳ ಸಂಖ್ಯೆಯಾದರೋ ಲಕ್ಷಗಳಲ್ಲಿಯೇ ನಿಂತಿತು. ಎರಡೂ ದೊರೆತ ಕಾಯಗಳನ್ನು ಯಂತ್ರಕ್ಕೆ ಉದಾಹರಣೆಯಾಗಿತ್ತು, ವರ್ಣಕ್ಕೂ ಪಲ್ಲಟಕ್ಕೂ ಇರುವ ಸಂಬಂಧವನ್ನು ಅದಕ್ಕೆ ಕಲಿಸುವ ಕೃತಕ ನರಜಾಲವನ್ನು ಕಾಲಿಸ್ಟರ್ ಮತ್ತು ಲಾಹವ್ ಎಂಬವರು 2004ರಲ್ಲಿ ಪ್ರಕಟಿಸಿದರು. 2020ರಲ್ಲಿ ವೂ ಮತ್ತು ಪೀಕ್ ಎಂಬವರು ಐದು ವರ್ಣಗಳ ಚಿತ್ರದಿಂದ ಇಡೀ ರೋಹಿತವನ್ನೇ ಊಹಿಸುವ ಕ್ರಮವನ್ನು ಮುಂದಿಟ್ಟರು.

ಇಲ್ಲಿ ಉದಾಹರಣೆಗಳ ರಾಶಿಯೇ ಮಹಾನಸ. ಅಲ್ಲಿ ಹೊಗೆಯನ್ನೂ ಬೆಂಕಿಯನ್ನೂ ಒಟ್ಟಿಗೆ ಕಂಡ ಯಂತ್ರವು ದೂರದ ಪರ್ವತದಲ್ಲಿ ಬೆಂಕಿಯನ್ನು ಊಹಿಸುವುದು. ಆದರೆ ಹೇತುವು ಅನೈಕಾಂತಿಕವಾಗಬಹುದು. ಗೆಲಾಕ್ಸಿಯ ಕೆಂಪು ವೃದ್ಧ ನಕ್ಷತ್ರಗಳಿಂದಲೂ ಬರುವುದು, ಧೂಳಿನಿಂದಲೂ ಬರುವುದು, ರಕ್ತಪಲ್ಲಟದಿಂದಲೂ ಬರುವುದು. ಇದಲ್ಲದೆ, ರೋಹಿತ ದೊರೆತವು ಬಹುಮಟ್ಟಿಗೆ ಉಜ್ಜ್ವಲ ಕಾಯಗಳೇ ಆದುದರಿಂದ, ಅವುಗಳಲ್ಲಿ ಕಂಡ ವ್ಯಾಪ್ತಿಯು ಮಂದಕಾಂತಿಯವುಗಳಿಗೂ ಸಲ್ಲುವುದೆಂಬ ನಿಯಮವಿಲ್ಲ. ಅಪೂರ್ವಜಾತಿಯ ಗೆಲಾಕ್ಸಿಯೊಂದು ಎದುರಾದರೆ ಯಂತ್ರವು ಅದಕ್ಕೆ ಪರಿಚಿತವಾದ ರೋಹಿತವನ್ನೇ ತೊಡಿಸಿ, ಹೊಸತನ್ನು ಹಳತರಲ್ಲಿ ಮುಚ್ಚಿಬಿಡಬಹುದು.

2025ರ ಜೂನ್ ತಿಂಗಳಲ್ಲಿ ಮೊದಲ ಚಿತ್ರಗಳನ್ನು ಪ್ರಕಟಿಸಿದ, ಚಿಲಿ ದೇಶದ ರೂಬಿನ್ ವೇಧಶಾಲೆಯು ಆರು ವರ್ಣಗಳಿಂದ ಆಕಾಶವನ್ನು ಅಳೆಯತಕ್ಕುದು. ಅಲ್ಲಿ ಕಾಣುವ ಅಸಂಖ್ಯ ಗೆಲಾಕ್ಸಿಗಳಿಗೆ ಅನುಮಾನವೇ ಗತಿ. ಆದುದರಿಂದ ಊಹೆಯೊಡನೆ ಅದರ ಸಂಶಯದ ಪ್ರಮಾಣವನ್ನೂ ಹೇಳುವುದು, ಕೆಲವನ್ನಾದರೂ ಆರಿಸಿ ನಿಜರೋಹಿತದೊಡನೆ ತಾಳೆನೋಡುವುದು ಅವಶ್ಯಕ. ಅನುಮಾನವು ಪ್ರತ್ಯಕ್ಷದ ಋಣದಿಂದ ಎಂದಿಗೂ ಮುಕ್ತವಾಗದು.