ಗೆರ್ಟ್ ವೆಸ್ಟ್‌ಫಾಲ್: ವಾಚಕನೊಳಗಿನ ನಟ

ಜರ್ಮನ್ ನಟ, ವಾಚಕ ಗೆರ್ಟ್ ವೆಸ್ಟ್‌ಫಾಲ್ (1920–2002) ಅವರ ಹೆಸರೆತ್ತಿದರೆ ಸಾಕು, ಕಾದಂಬರಿಕಾರ ಥಾಮಸ್ ಮಾನ್ ಅವರ ಪತ್ನಿ ಕಾತ್ಯಾ ಹೇಳಿದರೆನ್ನಲಾದ ಮೆಚ್ಚುನುಡಿ ಬಂದೇ ಬರುತ್ತದೆ: ಇವರು ಕವಿಯ ಪರಮೋಚ್ಚ ಬಾಯಿ. ಈ ಹೊಗಳಿಕೆ ಅವರಿಗೆ ಸಲ್ಲತಕ್ಕದ್ದೇ. ಆದರೆ ಅದನ್ನೇ ಪ್ರಮಾಣವಾಗಿ ಹಿಡಿದು, ವೆಸ್ಟ್‌ಫಾಲ್ ನಟನೆಯನ್ನು ಕಳಚಿಟ್ಟು ಲೇಖಕನೊಬ್ಬನ ದನಿಗೆ ಒಪ್ಪಿಸಿಕೊಂಡರು ಎಂದು ಬರೆಯುವ ವಾಡಿಕೆಯನ್ನು ನಾನು ಒಪ್ಪಲಾರೆ. ಲೇಖಕನ ಮನೆಯವರ ಮೆಚ್ಚುಗೆ ವಾಚಕನ ಹಿರಿಮೆಗೆ ಸಾಕ್ಷಿಯಾದೀತು. ಅವನ ವಿಧಾನಕ್ಕೆ ಸಾಕ್ಷಿಯಾಗದು.

ಅವರು ನಟನೆಯನ್ನು ಕಳಚಿಟ್ಟರೆಂಬ ವಾದವನ್ನು ಕಾಲಾನುಕ್ರಮವೂ ಬೆಂಬಲಿಸುವುದಿಲ್ಲ. ಡ್ರೆಸ್ಡೆನ್‌ನಲ್ಲಿ ಪೌಲ್ ಹಾಫ್‌ಮನ್ ಅವರ ಬಳಿ ನಟನೆ ಕಲಿತ ವೆಸ್ಟ್‌ಫಾಲ್ 1948ರಿಂದ ರೇಡಿಯೊ ಬ್ರೆಮೆನ್‌ನಲ್ಲಿ, 1953ರಿಂದ ಬಾಡೆನ್-ಬಾಡೆನ್‌ನ ಜ್ಯೂಡ್‌ವೆಸ್ಟ್‌ಫುಂಕ್‌ನಲ್ಲಿ ಬಾನುಲಿ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದರು. 1955ರಲ್ಲಿ ಇಂಗೆಬೊರ್ಗ್ ಬಾಖ್‌ಮನ್ ಅವರ ‘ದಿ ತ್ಸಿಕಾಡೆನ್’ ಬಾನುಲಿ ನಾಟಕವನ್ನು ಹಾನ್ಸ್ ವೆರ್ನರ್ ಹೆಂಟ್ಸೆ ಅವರ ಸಂಗೀತದೊಂದಿಗೆ ನಿರ್ದೇಶಿಸಿದವರೂ ಅವರೇ. 1959ರಿಂದ 1980ರವರೆಗೆ ಜ್ಯೂರಿಕ್‌ನ ಶೌಷ್ಪೀಲ್‌ಹೌಸ್ ಅವರ ರಂಗಭೂಮಿ. ಆಟಿಲಾ ಜೋಲರ್ ಅವರ ಜಾಜ್ ತಂಡದೊಂದಿಗೆ ಹೈನೆಯ ಕವಿತೆಗಳನ್ನು ವಾಚಿಸಿದ ಧ್ವನಿಮುದ್ರಿಕೆ ಬಂದದ್ದೂ ಆ ಅವಧಿಯಲ್ಲೇ. ಹಾಗಾದರೆ ರಂಗವನ್ನು ಬಿಟ್ಟದ್ದು ಯಾವಾಗ?

ನಿರ್ಣಾಯಕ ಪುರಾವೆ, ಲ್ಯೂಬೆಕ್‌ನ ವರ್ತಕ ಕುಟುಂಬವೊಂದರ ಕತೆಯಾದ ಮಾನ್ ಅವರ ಕಾದಂಬರಿ ‘ಬುಡೆನ್‌ಬ್ರೋಕ್ಸ್’ನ ವಾಚನ. 1848ರ ಗಲಭೆಯ ಪ್ರಸಂಗವನ್ನೇ ನೋಡಿ. ಕೂಲಿಯಾಳು ಕಾರ್ಲ್ ಸ್ಮೋಲ್ಟ್ ಗಣರಾಜ್ಯ ಬೇಕೆನ್ನುತ್ತಾನೆ. ಅದು ಈಗಾಗಲೇ ಇದೆಯಲ್ಲ ಎಂದು ಕುಟುಂಬದ ಯಜಮಾನ ಕಾನ್ಸುಲ್ ಬುಡೆನ್‌ಬ್ರೋಕ್ ಹೇಳಿದಾಗ, ಹಾಗಾದರೆ ಇನ್ನೊಂದು ಬೇಕು ಎನ್ನುತ್ತಾನೆ. ಸ್ಮೋಲ್ಟ್ ಆಡುವುದು ಉತ್ತರ ಜರ್ಮನಿಯ ಪ್ಲಾಟ್ ಆಡುನುಡಿ. ಗುಂಪನ್ನು ಒಲಿಸಿಕೊಳ್ಳಲು ಕಾನ್ಸುಲ್ ಕೂಡ ಅದೇ ನುಡಿಗೆ ಇಳಿಯುತ್ತಾನೆ. ಒಂದೇ ನುಡಿ, ಎರಡು ಅಂತಸ್ತು: ಒಬ್ಬನಿಗೆ ಅದು ಮನೆಮಾತು, ಇನ್ನೊಬ್ಬನಿಗೆ ಉಪಾಯ. ಈ ವ್ಯತ್ಯಾಸ ಕಿವಿಗೆ ಮುಟ್ಟದಿದ್ದರೆ ಪ್ರಸಂಗದ ನಗೆಯೂ ಇಲ್ಲ, ಅದರ ರಾಜಕೀಯವೂ ಇಲ್ಲ. ಸ್ಯಾಕ್ಸನಿಯಲ್ಲಿ ಹುಟ್ಟಿದವರಿಗೆ ಲ್ಯೂಬೆಕ್‌ನ ಬೀದಿಮಾತು ತಾಯಿನುಡಿಯಲ್ಲ. ಅದನ್ನು ಪಾತ್ರವಾಗಿಯೇ ಧರಿಸಬೇಕು.

ಸಂಭಾಷಣೆಯ ಮಟ್ಟಿಗೆ ಇದು ಸರಿ, ನಿರೂಪಣೆಗೆ ಮಾತ್ರ ಒಂದೇ ದನಿ ಬೇಕು ಎಂಬ ಆಕ್ಷೇಪವಿದೆ. ಅರ್ಧದಷ್ಟು ಒಪ್ಪುತ್ತೇನೆ. ಆದರೆ ಕಾನ್ಸುಲ್‌ನ ಮಗಳು ಟೋನಿಯನ್ನು ಮರೆಯುವಂತಿಲ್ಲ. ಜೇನಿನ ಶುದ್ಧತೆಯ ಬಗ್ಗೆ ಟ್ರಾವೆಮ್ಯುಂಡೆಯಲ್ಲಿ ಪ್ರಿಯಕರ ಮೊರ್ಟೆನ್ ಆಡಿದ ಮಾತನ್ನು ಅವಳು ತನ್ನದೆಂಬಂತೆ ಬದುಕಿಡೀ ಆಡುತ್ತಾಳೆ. ಅದು ಮರಳಿದಾಗಲೆಲ್ಲ ಹಳೆಯ ಪ್ರೇಮದ ನೆನಪು ಅದರೊಳಗೆ ಮಿಡಿಯಬೇಕು, ಟೋನಿಗೆ ಮಾತ್ರ ಅದರ ಅರಿವಿರಬಾರದು. ಮೊದಲ ಅಂಕದಲ್ಲಿ ಬಿತ್ತಿದ್ದನ್ನು ಕೊನೆಯ ಅಂಕದವರೆಗೆ ಕಾಪಾಡುವ ಈ ಸಂಯಮವನ್ನು ಕಲಿಸುವುದು ರಂಗಭೂಮಿಯೇ.

ಹೀಗಾಗಿ ವೆಸ್ಟ್‌ಫಾಲ್ ಅವರ ಚರಿತ್ರೆಯನ್ನು ಮಾನ್ ಕುಟುಂಬದ ಪ್ರಶಸ್ತಿಪತ್ರದಿಂದ ಆರಂಭಿಸುವುದು ತಪ್ಪು. ಅದು ಬ್ರೆಮೆನ್ ಮತ್ತು ಬಾಡೆನ್-ಬಾಡೆನ್‌ನ ಬಾನುಲಿ ನಾಟಕಗಳಿಂದ ಆರಂಭವಾಗಬೇಕು. ವಾಚಕನನ್ನು ರೂಪಿಸಿದ ನಟ, ನಿರ್ದೇಶಕರಿಬ್ಬರೂ ಅಲ್ಲಿದ್ದಾರೆ.