ಎನ್‌ಬಿಎ ಡ್ರಾಫ್ಟ್: ಕಾಲೇಜು ಆಟಗಾರರ ಮೌಲ್ಯಮಾಪನ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡಗಳು, ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಪ್ರತಿವರ್ಷದ ಡ್ರಾಫ್ಟ್‌ಗೆ ಮುನ್ನ ಕಾಲೇಜು ಆಟಗಾರರನ್ನು ಅಳೆದು ತೂಗುತ್ತವೆ. ಡ್ರಾಫ್ಟ್ ಎರಡು ಸುತ್ತುಗಳಲ್ಲಿ ನಡೆಯುತ್ತದೆ. ಮೊದಲ ಆಯ್ಕೆಯ ಹಕ್ಕನ್ನು ಹಿಂದುಳಿದ ತಂಡಗಳ ನಡುವೆ ನಿರ್ಧರಿಸುವ ಲಾಟರಿ 1985ರಲ್ಲಿ ಶುರುವಾಯಿತು.

ಗಳಿಸಿದ ಅಂಕಗಳಷ್ಟನ್ನೇ ನೋಡಿದರೆ ಸಾಲದು. ಒಂದೇ ಬಗೆಯ ಸಾಧನೆ ಇದ್ದರೂ 22ರ ಆಟಗಾರನಿಗಿಂತ 19ರವನಿಗೆ ಬೆಲೆ ಹೆಚ್ಚು. ಅವನು ಇನ್ನೂ ಬೆಳೆಯಬಲ್ಲ. ಎನ್‌ಬಿಎ ಅಂಕಣದ ಮೂರು ಅಂಕದ ಗೆರೆ ಬುಟ್ಟಿಯ ಎದುರು 7.24 ಮೀಟರ್ ದೂರದಲ್ಲಿದ್ದು, ಕಾಲೇಜಿನದಕ್ಕಿಂತ ಹಿಂದಿದೆ. ಆದ್ದರಿಂದ ದೂರದ ಹೊಡೆತದ ಭವಿಷ್ಯ ಊಹಿಸಲು, ಹೊಡೆತದ ಕೌಶಲವನ್ನು ತೋರಿಸುವ ಫ್ರೀ ಥ್ರೋ ಶೇಕಡಾವಾರನ್ನೂ ಗಮನಿಸುತ್ತಾರೆ. ಎದುರಾಳಿ ತಂಡಗಳ ಮಟ್ಟವೂ ಲೆಕ್ಕಕ್ಕೆ ಬರುತ್ತದೆ.

ಕಂಬೈನ್ ಎಂಬ ಪೂರ್ವಪರೀಕ್ಷೆಯಲ್ಲಿ ಎತ್ತರ, ಚಾಚಿದ ತೋಳುಗಳ ಅಳತೆ, ಜಿಗಿತ, ಚುರುಕುತನಗಳನ್ನು ದಾಖಲಿಸುತ್ತಾರೆ. ಈ ಅಂಕಿಗಳನ್ನು ಅತಿಯಾಗಿ ನಂಬುವುದು ಅಪಾಯಕರ. 2007ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕೆವಿನ್ ಡ್ಯುರಾಂಟ್‌ಗೆ ಬೆಂಚ್ ಪ್ರೆಸ್‌ನಲ್ಲಿ ಸುಮಾರು 84 ಕೆ.ಜಿ. ಭಾರವನ್ನು ಒಮ್ಮೆಯೂ ಎತ್ತಲಾಗಲಿಲ್ಲ. ಆ ವರ್ಷ ಮೊದಲ ಆಯ್ಕೆಯಾದ ಗ್ರೆಗ್ ಓಡನ್‌ರ ವೃತ್ತಿಜೀವನವನ್ನು ಮೊಣಕಾಲಿನ ಗಾಯಗಳು ಮೊಟಕುಗೊಳಿಸಿದವು. ಎರಡನೆಯವರಾಗಿ ಆಯ್ಕೆಯಾದ ಡ್ಯುರಾಂಟ್ 2014ರಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರರಾದರು.

ಆಯ್ಕೆಯ ನಂತರದ ತರಬೇತಿಯನ್ನು ಯಾವ ಅಳತೆಯೂ ಮುಂಗಾಣದು. 2011ರಲ್ಲಿ 15ನೆಯವರಾಗಿ ಆಯ್ಕೆಯಾದ ಕವಾಯ್ ಲೆನಾರ್ಡ್ ಕಾಲೇಜಿನಲ್ಲಿ ದೂರದ ಹೊಡೆತಕ್ಕೆ ಹೆಸರಾದವರಲ್ಲ. ಅವರು ಸೇರಿದ ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ತರಬೇತುದಾರರು ಅವರ ಹೊಡೆತದ ಶೈಲಿಯನ್ನೇ ತಿದ್ದಿದರು. 2014ರ ಫೈನಲ್‌ನಲ್ಲಿ ಅವರು ಶ್ರೇಷ್ಠ ಆಟಗಾರ ಪ್ರಶಸ್ತಿ ಪಡೆದರು.