ಕಟ್ಟಿದವರ ಹೆಸರು: ಒಂದು ಹಳೆಯ ಮನೆಯ ನಕಾಶೆಯ ನೆಪದಲ್ಲಿ

ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ತಂಗಿಯ ಮೊಮ್ಮಗಳು ಇಂಡಿಗೆ ಬಂದು ಹದಿನೈದು ದಿನ ನಮ್ಮಲ್ಲಿ ಉಳಿದಳು. ಆಕೆ ವಾಸ್ತುಶಿಲ್ಪದ ಮೂರನೆಯ ವರ್ಷದ ವಿದ್ಯಾರ್ಥಿನಿ. ಬರುವಾಗ ಬಟ್ಟೆಯ ಚೀಲಕ್ಕಿಂತ ದೊಡ್ಡದಾದ ಒಂದು ಕೊಳವೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಂದಿದ್ದಳು. ಅದರಲ್ಲಿ ಅವಳ ಮೂರು ವರ್ಷಗಳ ಕೆಲಸವೆಲ್ಲ ಸುರುಳಿಯಾಗಿ ಕುಳಿತಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ ಒಂದೊಂದಾಗಿ ಬಿಚ್ಚಿ ತೋರಿಸಿದಳು. ಪೆನ್ಸಿಲಿನಲ್ಲಿ ಬರೆದ ಬೇವಿನ ಮರ, ಜಲವರ್ಣದಲ್ಲಿ ಬಾರಾಕಮಾನಿನ ಸಂಜೆ, ಬಸ್ ನಿಲ್ದಾಣದ ನಕಾಶೆ, ನಮ್ಮ ಇಂಡಿಯ ನಿಂಬೆಹಣ್ಣಿನ ಸವಾಲಿಗೆ ನೆರಳಿನ ಮಾರುಕಟ್ಟೆಯೊಂದರ ವಿನ್ಯಾಸ. ಮೂವತ್ತೆರಡು ವರ್ಷ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸಿದ ನಾನು ಆ ಹದಿನೈದು ದಿನ ಅವಳ ಮುಂದೆ ವಿದ್ಯಾರ್ಥಿಯಾಗಿ ಕುಳಿತೆ. ಆಗ ಕಲಿತದ್ದನ್ನು ನನ್ನ ಹಳೆಯ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿಸುವ ಉದ್ದೇಶದಿಂದ ಈ ಬರಹ. ಕೊನೆಯಲ್ಲಿ ಒಂದು ವಿನಂತಿಯೂ ಇದೆ.

ಅವಳ ಆ ವರ್ಷದ ಮುಖ್ಯ ವಿನ್ಯಾಸದ ವಿಷಯ ಕೇಳಿ ನನಗೆ ಹಿಗ್ಗಾಯಿತು. ನಮ್ಮ ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಒಂದು ಪಾಠಶಾಲೆ, ಅದಕ್ಕೆ ಹೊಂದಿದ ವಿದ್ಯಾರ್ಥಿಗಳ ವಸತಿ. ಈ ಊರನ್ನೇ ಆಯ್ದುಕೊಂಡದ್ದಕ್ಕೆ ಕಾರಣವಿತ್ತು. ಸಾಲೋಟಗಿಯ ಕಂಬದ ಶಾಸನವನ್ನು ನನ್ನ ತರಗತಿಯಲ್ಲಿ ಕುಳಿತವರು ಮರೆತಿರಲಾರರು. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದಲ್ಲಿ, ಕ್ರಿ.ಶ. 945ರಲ್ಲಿ, ಅವನ ಮಂತ್ರಿ ನಾರಾಯಣನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನು. ನಾನಾ ದೇಶಗಳಿಂದ ವಿದ್ಯಾರ್ಥಿಗಳು ಬಂದು ಕಲಿಯುತ್ತಿದ್ದ ಆ ಶಾಲೆಗೆ ಭೂಮಿಯ ದತ್ತಿ ದೊರೆಯಿತು. ದೀಪದ ಎಣ್ಣೆಗೆಂದು ಇಷ್ಟು, ಉಪಾಧ್ಯಾಯರಿಗೆಂದು ಇಷ್ಟು ಎಂದು ಅದರ ಪಾಲನ್ನೂ ಗೊತ್ತುಮಾಡಲಾಗಿತ್ತು. ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳ ಉಲ್ಲೇಖವೂ ಇದೆ.

“ಮುತ್ಯಾ, ಇಪ್ಪತ್ತೇಳು ಮನಿ ಅಂತ ಬರದಾರ, ಖರೇ. ಆದ್ರ ಆ ಮನಿ ಹೆಂಗಿದ್ವು? ಅಂಗಳ ಎಲ್ಲಿತ್ತು? ಬಾಗಿಲಾ ಯಾವ ಕಡಿಗಿತ್ತು?” ಎಂದು ಅವಳು ಕೇಳಿದಳು.

ಈ ಪ್ರಶ್ನೆ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ವರ್ಷ ವರ್ಷವೂ ಕರಿಹಲಗೆಯ ಮೇಲೆ 945 ಎಂದು ಬರೆದೆ, 27 ಎಂದು ಬರೆದೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳಿದೆ. ಕಲ್ಲು ದತ್ತಿಯನ್ನೂ ಮನೆಗಳ ಲೆಕ್ಕವನ್ನೂ ಉಳಿಸಿಕೊಂಡಿದೆ. ಮನೆಯ ರೂಪವನ್ನು ಉಳಿಸಿಕೊಂಡಿಲ್ಲ.

ಈ ವಿನ್ಯಾಸದಲ್ಲಿ ಅವಳು ಮೊದಲ ಸಲ ಸೋತಿದ್ದಳು. ವಾಸ್ತುಶಿಲ್ಪದ ಕಾಲೇಜುಗಳಲ್ಲಿ ವಿದ್ಯಾರ್ಥಿಯು ತನ್ನ ನಕಾಶೆ ಮತ್ತು ರಟ್ಟಿನ ಮಾದರಿಯನ್ನು ಗೋಡೆಯ ಮುಂದಿಟ್ಟು, ಹಿರಿಯರ ಪ್ರಶ್ನೆಗಳಿಗೆ ನಿಂತು ಉತ್ತರಿಸಬೇಕು. ಅದಕ್ಕೆ ಜೂರಿ ಎನ್ನುತ್ತಾರೆ. ಇವಳು ಗಾಜಿನ ಗೋಡೆಗಳ ಸೊಗಸಾದ ವಸತಿಗೃಹವನ್ನು ಬರೆದಿದ್ದಳು. ಬಂದ ಹಿರಿಯರೊಬ್ಬರು, ಮೇ ತಿಂಗಳ ಮಧ್ಯಾಹ್ನ ಈ ಹುಡುಗರು ಎಲ್ಲಿ ಕುಳಿತು ಓದುತ್ತಾರೆ ಎಂದು ಕೇಳಿದರಂತೆ. ಉತ್ತರವಿರಲಿಲ್ಲ. ನಮ್ಮ ಭಾಗದ ಹಳೆಯ ಮನೆಯೊಂದನ್ನು ಮೊದಲು ಅಳೆದು ಬಾ ಎಂದು ಕಳುಹಿಸಿದರು. ಹಾಗೆ ಅವಳು ನಮ್ಮ ಹಿರಿಯರ ಮನೆಗೆ ಬಂದಳು.

ಆ ಮನೆಯ ವಿಷಯ ಮುಂದೆ ಹೇಳುತ್ತೇನೆ. ಅದಕ್ಕೂ ಮೊದಲು ಅವಳು ನನಗೆ ಗೋಳಗುಮ್ಮಟವನ್ನು ಕಲಿಸಿದ ಬಗೆಯನ್ನು ಹೇಳಬೇಕು.

ಗೋಳಗುಮ್ಮಟಕ್ಕೆ ನಾನು ಎಷ್ಟು ತಂಡಗಳನ್ನು ಕರೆದೊಯ್ದಿದ್ದೇನೋ ಲೆಕ್ಕವಿಲ್ಲ. ಮುಹಮ್ಮದ್ ಆದಿಲ್ ಶಾಹನ (ಆಳ್ವಿಕೆ 1627–1656) ಗೋರಿ, ಏಳು ಸಲ ಪ್ರತಿಧ್ವನಿ, ಇಷ್ಟು ಹೇಳಿ ಬುತ್ತಿ ಬಿಚ್ಚಿಸುತ್ತಿದ್ದೆ. ಇವಳು ಅಡುಗೆಮನೆಯ ನೆಲದ ಮೇಲೆ ರಟ್ಟಿನ ಎರಡು ಚೌಕಗಳನ್ನು ಇಟ್ಟಳು. ಒಂದರ ಮೇಲೊಂದಿಟ್ಟು, ಮೇಲಿನದನ್ನು ಅರ್ಧ ಕಾಟಕೋನದಷ್ಟು ತಿರುಗಿಸಿದಳು. ಎಂಟು ಮೂಲೆಗಳು ಹೊರಗೆ ಚಾಚಿದವು. ನಡುವೆ ಎಂಟು ಬದಿಯ ಆಕೃತಿಯೊಂದು ಉಳಿಯಿತು. “ಇದs ಗುಮ್ಮಟದ ಗುಟ್ಟು, ಮುತ್ಯಾ” ಎಂದಳು.

ಕೆಳಗಿನ ಹಜಾರ ಸುಮಾರು 135 ಅಡಿಯ ಚೌಕ. ಮೇಲೆ ಕೂಡಬೇಕಾದದ್ದು ದುಂಡನೆಯ ಗುಮ್ಮಟ. ಚೌಕದ ಮೇಲೆ ದುಂಡನ್ನು ಕೂಡಿಸುವುದು ಹೇಗೆ? ನೆಲದಿಂದ ಸುಮಾರು 57 ಅಡಿ ಎತ್ತರದಲ್ಲಿ, ಒಂದನ್ನೊಂದು ಹಾಯ್ದು ಹೋಗುವ ಕಮಾನುಗಳ ಆಸರೆಯಲ್ಲಿ ಕಟ್ಟಡ ಒಳಮುಖವಾಗಿ ಬಾಗತೊಡಗುತ್ತದೆ. ಆ ಕಮಾನುಗಳ ಓಟವೇ ರಟ್ಟಿನ ಎರಡು ಚೌಕಗಳ ಅಂಚು. ಹೀಗೆ ಬಾಗುತ್ತ ಬಾಗುತ್ತ ನಡುವೆ ಸುಮಾರು 97 ಅಡಿ ಅಗಲದ ದುಂಡನೆಯ ತೆರಪು ಉಳಿಯುತ್ತದೆ. ಒಳಗಿನಿಂದ 124 ಅಡಿ ಅಗಲವಿರುವ ಗುಮ್ಮಟವು ಈ ತೆರಪಿನ ಅಂಚಿನಿಂದ ಹಿಂದೆ ಸರಿದು ಕೂತಿದೆ. ನಡುವೆ ಉಳಿದ ಜಾಗವೇ ನಾವು ಪಿಸುಮಾತು ಆಡುವ ಮೊಗಸಾಲೆ. ಸುಮಾರು 10 ಅಡಿ ದಪ್ಪದ ಗುಮ್ಮಟವು ತನ್ನ ಭಾರದಿಂದ ಹೊರಕ್ಕೆ ಒತ್ತುತ್ತದೆ. ಒಳಕ್ಕೆ ಚಾಚಿದ ಕಮಾನುಗಳ ರಾಶಿಯು ಒಳಕ್ಕೆ ಜಗ್ಗುತ್ತದೆ. ಎರಡೂ ಒಂದಕ್ಕೊಂದು ತಡೆಯಾಗಿ ನಿಲ್ಲುತ್ತವೆ. ಹತ್ತೊಂಬತ್ತನೆಯ ಶತಮಾನದ ವಾಸ್ತುಶಿಲ್ಪ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಈ ಉಪಾಯವನ್ನು ಮೆಚ್ಚಿಕೊಂಡಿದ್ದಾನೆ. ರೋಮ್ ನಗರದ ಪ್ಯಾಂಥಿಯಾನ್ ಗುಡಿಯೊಳಗಿನ ನೆಲ 15,833 ಚದರ ಅಡಿಯಾದರೆ ನಮ್ಮ ಗುಮ್ಮಟದ ನೆಲ 18,225 ಚದರ ಅಡಿ ಎಂದು ಅವನು ಲೆಕ್ಕ ಕೊಟ್ಟಿದ್ದಾನೆ. ಪ್ಯಾಂಥಿಯಾನಿನ ಗುಮ್ಮಟವೇ ಹೆಚ್ಚು ಅಗಲವಾದದ್ದು. ಆದರೂ ನಮ್ಮದು ಹೆಚ್ಚು ನೆಲವನ್ನು ಮುಚ್ಚಿದೆ. ಕಾರಣ ಆ ಎರಡು ಚೌಕಗಳು.

ಮೂವತ್ತೆರಡು ವರ್ಷ ಪ್ರತಿಧ್ವನಿಯನ್ನು ಎಣಿಸಿದವನಿಗೆ ಇದು ಹತ್ತು ನಿಮಿಷದಲ್ಲಿ, ಎರಡು ರಟ್ಟಿನ ತುಂಡುಗಳಿಂದ ತಿಳಿಯಿತು. ನನ್ನ ವಿದ್ಯಾರ್ಥಿಗಳು ನನ್ನನ್ನು ಕ್ಷಮಿಸಬೇಕು.

ಫರ್ಗುಸನ್ನನಿಗೆ ವಿಜಯಪುರದ ಅಳತೆಗಳು ದೊರೆತ ಕಥೆಯೂ ಕೇಳುವಂಥದು. 1686ರಲ್ಲಿ ಔರಂಗಜೇಬನಿಗೆ ಸೋತ ಮೇಲೆ ನಗರ ಹಾಳುಬಿದ್ದಿತು. ಮರಾಠರ ಆಳ್ವಿಕೆ ಕಳೆದು, 1818ರ ಅನಂತರ ಅದು ಸಾತಾರಾ ರಾಜರ ವಶದಲ್ಲಿತ್ತು. 1848ರಲ್ಲಿ ಆ ಸಂಸ್ಥಾನವನ್ನು ಬ್ರಿಟಿಷರು ತಮ್ಮದಾಗಿಸಿಕೊಂಡರು. ಸಾತಾರಾದಲ್ಲಿ ರೆಸಿಡೆಂಟನಾಗಿದ್ದ ಬಾರ್ಟಲ್ ಫ್ರಿಯರ್ ಇಲ್ಲಿಯ ಕಟ್ಟಡಗಳ ಅಳತೆ ತೆಗೆಸಿ ನಕಾಶೆ ಬರೆಯಿಸಿದನು. ಆ ನಕಾಶೆಗಳು ಫರ್ಗುಸನ್ನನ ಸಂಪಾದಕತ್ವದಲ್ಲಿ 1859ರಲ್ಲಿ ಲಂಡನ್ನಿನಲ್ಲಿ ದೊಡ್ಡ ಪುಸ್ತಕವಾಗಿ ಅಚ್ಚಾದವು. ಅದರ ಶೀರ್ಷಿಕೆಯ ಪುಟದಲ್ಲಿ ಕೆಲಸ ಮಾಡಿದವರನ್ನು ಹೆಸರಿಸಲಾಗಿದೆ: ಕ್ಯಾಪ್ಟನ್ ಪಿ.ಡಿ. ಹಾರ್ಟ್, ಎ. ಕಮಿಂಗ್, ಮತ್ತು “ದೇಶೀಯ ನಕಾಶೆಗಾರರು”.

ಈ ಪುಟದ ಪ್ರತಿಚಿತ್ರವನ್ನು ಅವಳು ತನ್ನ ಕಂಪ್ಯೂಟರಿನಲ್ಲಿ ತೋರಿಸಿದಾಗ ನಾನು ಬಹಳ ಹೊತ್ತು ಅದನ್ನೇ ನೋಡಿದೆ. ಇಬ್ಬರಿಗೆ ಹೆಸರಿದೆ. ಉಳಿದವರೆಲ್ಲ ಸೇರಿ ಎರಡು ಶಬ್ದವಾಗಿದ್ದಾರೆ. ಗುಮ್ಮಟದ ಗೋಡೆಗಳಿಗೆ ಹಗ್ಗ ಇಳಿಬಿಟ್ಟು ಅಳೆದವರು ಯಾರು? ಕಮಾನಿನ ಬಾಗನ್ನು ಕಾಗದಕ್ಕೆ ಇಳಿಸಿದ ಕೈ ಯಾವುದು? ಆ ಪುಟ ಹೇಳುವುದಿಲ್ಲ.

ನಮ್ಮ ನಾಡಿನಲ್ಲಿ ಕಟ್ಟಿದವರ ಹೆಸರನ್ನು ಬರೆಯುವ ಪದ್ಧತಿಯೇ ಇರಲಿಲ್ಲ ಎಂದು ಯಾರೂ ಹೇಳಲಾಗದು. ಪಟ್ಟದಕಲ್ಲು ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ್ದರೂ 1997ರವರೆಗೆ ನಮ್ಮ ಜಿಲ್ಲೆಯದೇ ಆಗಿತ್ತು. ಎರಡನೆಯ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ಅಲ್ಲಿಯ ವಿರೂಪಾಕ್ಷ ದೇವಾಲಯದ ಶಾಸನಗಳಲ್ಲಿ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರಿದೆ. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆತದ್ದೂ ಇದೆ. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬನ ಹೊಗಳಿಕೆಯೂ ಇದೆ. ಇದು ಎಂಟನೆಯ ಶತಮಾನದ ಮಾತು. ಒಂಬತ್ತು ಶತಮಾನಗಳ ಅನಂತರ ವಿಜಯಪುರದ ಇಬ್ರಾಹಿಂ ರೋಜಾದ ಶಾಸನದಲ್ಲಿ ರಾಣಿ ತಾಜ್ ಸುಲ್ತಾನಾಳ ಹೆಸರಿನ ಜೊತೆಗೆ, ಕೆಲಸವನ್ನು ನಡೆಸಿದ ಮಲಿಕ್ ಸಂದಲ್‌ನ ಹೆಸರೂ ಇದೆ. ಧರ್ಮ ಬೇರೆ, ಭಾಷೆ ಬೇರೆ, ಅರಸರು ಬೇರೆ. ಆದರೂ ಎರಡು ಕಡೆಯೂ ಕಟ್ಟಿಸಿದವರ ಪಕ್ಕದಲ್ಲಿ ಕಟ್ಟಿದವರಿಗೆ ಒಂದಿಷ್ಟು ಜಾಗ ಸಿಕ್ಕಿದೆ. ಕಲ್ಲು ಹೊತ್ತವರಿಗೆ, ಸುಣ್ಣ ಅರೆದವರಿಗೆ ಅಲ್ಲಿಯೂ ಜಾಗವಿಲ್ಲ ಎಂಬುದನ್ನು ಮರೆಯಬಾರದು.

ನಮ್ಮ ಗುಮ್ಮಟದ ರೂಪ ಮುಂದೆ ಮುಂಬಯಿಗೂ ಹೋಯಿತು. ಜಾನ್ ಬೆಗ್ ಎಂಬ ವಾಸ್ತುಶಿಲ್ಪಿಯು ರಚಿಸಿ 1913ರಲ್ಲಿ ಪೂರ್ಣಗೊಂಡ ಅಲ್ಲಿಯ ದೊಡ್ಡ ಅಂಚೆ ಕಚೇರಿಯ ಗುಮ್ಮಟಕ್ಕೆ ಗೋಳಗುಮ್ಮಟವೇ ಪ್ರೇರಣೆ. ಇಂಡಿಯಿಂದ ದುಡಿಯಲು ಮುಂಬಯಿಗೆ ಹೋದ ಎಷ್ಟೋ ಜನ ಆ ಕಟ್ಟಡದ ಕಿಟಕಿಯಿಂದಲೇ ಮನೆಗೆ ಮನಿಯಾರ್ಡರ್ ಕಳಿಸಿರಬಹುದು.

ಈಗ ನಮ್ಮ ಮನೆಯ ವಿಷಯ. ಬಂಧುಗಳಿಗೆ ಗೊತ್ತಿರುವಂತೆ ಹಳ್ಳಿಯ ನಮ್ಮ ಹಿರಿಯರ ಮನೆಯನ್ನು ಇಳಿಸಲು ಅಣ್ಣತಮ್ಮಂದಿರೆಲ್ಲ ಕೂಡಿ ತೀರ್ಮಾನಿಸಿದ್ದೇವೆ. ನಾನೂ ರುಜು ಹಾಕಿದ್ದೇನೆ. ಎರಡು ತೊಲೆಗಳನ್ನು ಗೆದ್ದಲು ತಿಂದಿದೆ. ಮಾಳಿಗೆಗೆ ವರ್ಷ ವರ್ಷ ಮಣ್ಣು ಹಾಕುವವರಿಲ್ಲದೆ ಮಳೆಗಾಲದಲ್ಲಿ ದೇವರ ಕೋಣೆಯೂ ಸೋರುತ್ತದೆ. ಅಲ್ಲಿ ವಾಸಿಸುವವರ ಕಷ್ಟ ಅಲ್ಲಿ ವಾಸಿಸದ ನನಗಿಂತ ಅವರಿಗೇ ಹೆಚ್ಚು ಗೊತ್ತು. ಆದ್ದರಿಂದ ತೀರ್ಮಾನದ ಬಗ್ಗೆ ನನ್ನ ತಕರಾರಿಲ್ಲ.

ಆ ಮನೆಯನ್ನು ಅವಳು ಎಂಟು ದಿನ ಅಳೆದಳು. ಟೇಪಿನ ಒಂದು ತುದಿಯನ್ನು ಪಕ್ಕದ ಮನೆಯ ಹುಡುಗ ಹಿಡಿದ. ಪ್ರತಿ ಕೋಣೆಯ ನಾಲ್ಕು ಬದಿಗಳ ಜೊತೆಗೆ ಮೂಲೆಯಿಂದ ಮೂಲೆಗೆ ಎರಡು ಕರ್ಣಗಳನ್ನೂ ಅಳೆಯಬೇಕಂತೆ. ಎರಡು ಕರ್ಣ ಸಮನಾದರೆ ಮಾತ್ರ ಕೋಣೆ ನೇರ. ದನಗಳ ಕೊಟ್ಟಿಗೆಯ ಕಡೆಯ ಮೂಲೆಯಲ್ಲಿ ಒಂದು ಕರ್ಣ ಮುಕ್ಕಾಲು ಮೊಳ ಕಡಿಮೆ ಬಂತು. ಹಳ್ಳಿಯ ಗೌಂಡಿ, ಅಂದಾಜಿನ ಕೆಲಸ, ತಪ್ಪಾಗಿದೆ ಎಂದೆ. ಅವಳು ಒಪ್ಪಲಿಲ್ಲ. ಓಣಿಯನ್ನೂ ಅಳೆದು ನಕಾಶೆಗೆ ಸೇರಿಸಿದಳು. ಇಕ್ಕಟ್ಟಾದ ಓಣಿಯಿಂದ ಜೋಳದ ಚೀಲ ತುಂಬಿದ ಬಂಡಿ ತಿರುಗಿ ಒಳಗೆ ಬರಬೇಕಾದರೆ ಗೋಡೆ ಅಲ್ಲಿ ಓರೆಯಾಗಿಯೇ ಇರಬೇಕಿತ್ತು. ಅರವತ್ತು ವರ್ಷ ಆ ಮೂಲೆಯನ್ನು ನೋಡಿದ ನಾನು, ಅದು ಬಂಡಿಗಾಗಿ ಮಾಡಿದ್ದೆಂದು ಕಾಗದದ ಮೇಲೆ ನೋಡಿ ತಿಳಿದೆ.

ಎರಡು ಮೊಳ ದಪ್ಪದ ಗೋಡೆ, ಮಾಳಿಗೆಯ ಬೆಳಕಿಂಡಿ, ಪಡಸಾಲೆಯ ನೆರಳು, ನೆಲದಡಿಯ ಹಗೇವು, ಎಲ್ಲವೂ ನಕಾಶೆಯಲ್ಲಿ ಬಂದವು. ಮನೆಯನ್ನು ನಡುವೆ ಸೀಳಿ ತೋರಿಸಿದ ಚಿತ್ರದಲ್ಲಿ ಬೆಳಕಿಂಡಿಯಿಂದ ಇಳಿಯುವ ಮಧ್ಯಾಹ್ನದ ಬಿಸಿಲು ಒಂದು ಸಣ್ಣ ಚೌಕವಾಗಿ ನೆಲದ ಮೇಲೆ ಬಿದ್ದಿತ್ತು. ನಮ್ಮ ಅವ್ವ ಅಕ್ಕಿ ಆರಿಸಲು ಕೂಡುತ್ತಿದ್ದುದು ಅಲ್ಲಿಯೇ. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಆ ಪಡಸಾಲೆಯನ್ನೂ ದಪ್ಪ ಗೋಡೆಯನ್ನೂ ಇಟ್ಟುಕೊಂಡು ಅವಳು ಸಾಲೋಟಗಿಯ ವಿನ್ಯಾಸವನ್ನು ಹೊಸದಾಗಿ ಬರೆದಳು. ನಡುವೆ ಅಂಗಳ, ಸುತ್ತ ನೆರಳಿನ ಕಟ್ಟೆ, ಅದಕ್ಕೆ ಮುಖ ಮಾಡಿದ 27 ಚಿಕ್ಕ ಮನೆಗಳು. ಹಳೆಯ ಶಾಲೆ ಹೀಗೆಯೇ ಇತ್ತೆಂದು ಅವಳು ಹೇಳುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಇಲ್ಲಿ ಕುಳಿತು ಓದಬಹುದು ಎಂದಷ್ಟೇ ಹೇಳುತ್ತಾಳೆ. ಜೂರಿಯಲ್ಲಿ ಈ ಸಲ ಅವಳನ್ನು ಬಹಳ ಹೊತ್ತು ನಿಲ್ಲಿಸಿ ಕೇಳಿದರಂತೆ, ಎಲ್ಲದಕ್ಕೂ ಉತ್ತರವಿತ್ತಂತೆ.

ನಮ್ಮ ಮನೆಯ ನಕಾಶೆಯ ಒಂದು ಪ್ರತಿಯನ್ನು ನನಗೆ ಕಳಿಸಿದ್ದಾಳೆ. ಕೆಳಗಿನ ಮೂಲೆಯ ಚೌಕದಲ್ಲಿ ಅಳೆದವಳ ಹೆಸರಿದೆ. ಟೇಪು ಹಿಡಿದ ಹುಡುಗನ ಹೆಸರಿದೆ. ಊಟ ಹಾಕಿದ ನನ್ನ ನಾದಿನಿಯ ಹೆಸರೂ ಇದೆ. ಅದರ ಕೆಳಗೆ “ಕಟ್ಟಿದವರು” ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದಾಳೆ. ದೂರವಾಣಿಯಲ್ಲಿ ಕೇಳಿದಾಗ, “ನಿಮಗ ಗೊತ್ತಿರಬೇಕಲ್ಲ, ಮುತ್ಯಾ, ನೀವು ಇತಿಹಾಸದ ಮಾಸ್ತರು” ಎಂದಳು.

ನನಗೆ ಗೊತ್ತಿಲ್ಲ. ಕಟ್ಟಿಸಿದ ನಮ್ಮ ಮುತ್ತಜ್ಜನ ಹೆಸರು ಗೊತ್ತು. ತೊಲೆಯ ಸಾಗವಾನಿ ಎಲ್ಲಿಂದ ಬಂತೆಂದು ಅಪ್ಪ ಹೇಳಿದ್ದು ನೆನಪಿದೆ. ಆ ಓರೆ ಗೋಡೆಯನ್ನು ಯೋಚಿಸಿ ಎತ್ತಿದ ಗೌಂಡಿ ಯಾರು, ಕಂಬ ಕೆತ್ತಿದ ಬಡಿಗೇರ ಯಾರು ಎಂದು ನಾನು ಅಪ್ಪನನ್ನು ಕೇಳಲೇ ಇಲ್ಲ. ಲಂಡನ್ನಿನ ಪುಸ್ತಕದ ಎರಡು ಶಬ್ದಗಳನ್ನು ನೋಡಿ ಮರುಗಿದವನ ಮನೆಯಲ್ಲಿಯೇ ಆ ಜಾಗ ಖಾಲಿ ಇದೆ.

ಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ದೀಪಾವಳಿ ಕಳೆದ ಮೇಲೆ ಮನೆ ಇಳಿಸುವ ಕೆಲಸ ಶುರುವಾಗುತ್ತದೆ. ಅದಕ್ಕೂ ಮುನ್ನ ನಿಮ್ಮ ಮನೆಯ ಹಿರಿಯರನ್ನು, ವಿಶೇಷವಾಗಿ ಮುಪ್ಪಿನ ಅತ್ತೆಯರನ್ನೂ ಚಿಗವ್ವಂದಿರನ್ನೂ, ಒಮ್ಮೆ ಕೇಳಿ ನೋಡಿರಿ. ಅರ್ಧ ಹೆಸರಾದರೂ ಸರಿ, ಊರಿನ ಹೆಸರಾದರೂ ಸರಿ, ನನಗೆ ತಿಳಿಸಿರಿ. ಆ ಚೌಕದಲ್ಲಿ ನನ್ನ ಕೈಯಿಂದಲೇ ಬರೆಯುತ್ತೇನೆ.